ಮಗಳ ಕನ್ನಡಕ, ಅಪ್ಪನ ಸರಳರೇಖೆ

ನಮ್ಮ ವಂಶದಲ್ಲಿ ಕನ್ನಡಕವನ್ನು ಕಾಯಿಲೆ ಎಂದು ತಿಳಿದವರು ಯಾರೂ ಇಲ್ಲ. ಅದೊಂದು ಅರ್ಹತೆ. ನನಗೆ ಏಳನೇ ಕ್ಲಾಸಿನಲ್ಲಿ ಕನ್ನಡಕ ಬಂದಾಗ ನಮ್ಮಜ್ಜಿ ಬೀದಿಯವರಿಗೆಲ್ಲ "ನಮ್ಮ ಹುಡುಗ ಓದೀ ಓದೀ ಕಣ್ಣು ಹಾಳ್ಮಾಡ್ಕೊಂಡಿದಾನೆ" ಎಂದು ಹೇಳಿಕೊಂಡು ಬಂದರು. ಮಾತು ದುಃಖದ್ದು, ಧಾಟಿ ಮಾತ್ರ ಜಿಲ್ಲೆಗೇ ಮೊದಲನೆಯವನಾದ ಮೊಮ್ಮಗನ ಸುದ್ದಿ ಹೇಳುವಂಥದ್ದು. ನಾನು ಏನು ಓದುತ್ತಿದ್ದೆ ಎಂದು ಯಾರೂ ಕೇಳಲಿಲ್ಲ. ಅಲ್ಲಿಂದ ಮುಂದೆ ಮನೆಯಲ್ಲಿ ನನಗೆ ತೆಂಗಿನಕಾಯಿ ಸುಲಿಯುವ ಕೆಲಸ ತಪ್ಪಿತು, ನಲ್ಲಿ ನೀರು ಹಿಡಿಯುವ ಕೆಲಸ ತಪ್ಪಿತು, ಮದುವೆ ಮನೆಗಳಲ್ಲಿ ಬಡಿಸುವ ಕೆಲಸವೂ ತಪ್ಪಿತು. ಕನ್ನಡಕದ ಹುಡುಗ ಸಾರಿನ ಬಕೆಟ್ ಹಿಡಿದರೆ ಸರಸ್ವತಿಗೆ ಅವಮಾನ ಮಾಡಿದ ಹಾಗೆ ಎಂದು ಹಿರಿಯರಿಗೆ ಅನ್ನಿಸುತ್ತಿತ್ತೋ, ಬಗ್ಗಿದಾಗ ಅದು ಸಾರಿನೊಳಗೆ ಬೀಳುತ್ತದೆ ಎಂಬ ಭಯವೋ, ನಾನು ವಿಚಾರಿಸಲು ಹೋಗಲಿಲ್ಲ. ಅದೇ ಕನ್ನಡಕದ ಮರ್ಯಾದೆ ಉಳಿಸಿಕೊಳ್ಳಲು ಗಣಿತ ಓದಿದೆ, ಶಿವಮೊಗ್ಗದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮೇಷ್ಟ್ರಾದೆ, ಸಂಜೆ ಹೊಸಮನೆ ಬಡಾವಣೆಯ ನಮ್ಮ ಮನೆಯ ಮುಂಭಾಗದಲ್ಲಿ ಟ್ಯೂಷನ್ ಶುರುಮಾಡಿದೆ. ಮೊದಲು ಬರುತ್ತಿದ್ದವರು ಹತ್ತನೇ ಕ್ಲಾಸಿನವರು ಮಾತ್ರ. ಆಮೇಲೆ ಅವರ ತಮ್ಮಂದಿರು, ತಂಗಿಯರು, ತಂಗಿಯರ ಗೆಳತಿಯರು ಎಂದು ಸೇರಿ ಈಗ ಮೂರನೇ ಕ್ಲಾಸಿನ ಮಕ್ಕಳೂ ಚಾಪೆಯ ಮೇಲೆ ಕೂತು ಮಗ್ಗಿ ಹೇಳುತ್ತಾರೆ. ಬೇಡ ಎನ್ನುವುದು ನನ್ನ ಸ್ವಭಾವದಲ್ಲೇ ಇಲ್ಲ, ಫೀಸು ಕೊಡುವವರಿಗಂತೂ ಇಲ್ಲ.

ಹೀಗಿರುವಾಗ ಮೂರನೇ ಕ್ಲಾಸಿನ ನನ್ನ ಮಗಳು ಸಿಂಚನ ಒಂದು ದಿನ ಊಟಕ್ಕೆ ಕೂತವಳು, "ಅಪ್ಪಾಜಿ, ಮಿಸ್ ಬೋರ್ಡ್ ಮೇಲೆ ಬರೆಯೋದು ನಂಗೆ ಕಾಣಲ್ಲ, ಪಕ್ಕದವಳ ಪುಸ್ತಕ ನೋಡ್ಕೊಂಡು ಬರ್ಕೋತೀನಿ" ಎಂದಳು. ನನಗೆ ಮೊದಲು ಆದದ್ದು ಸಂತೋಷ. ನಾಚಿಕೆಯಾದರೂ ಇದನ್ನು ಹೇಳಲೇಬೇಕು. ವಂಶದ ಕಳೆ ಮಗಳಿಗೂ ಬಂತು, ಅದೂ ನನಗಿಂತ ನಾಲ್ಕು ಕ್ಲಾಸು ಮುಂಚೆ! ಕಣ್ಣಿನ ಪರೀಕ್ಷೆ ಮಾಡಿಸಿ, ಕನ್ನಡಕದ ಅಂಗಡಿಯಲ್ಲಿ ನೇರಳೆ ಬಣ್ಣದ ಫ್ರೇಮು ಆರಿಸಿ, ಬರುವಾಗ ಪೇಡೆ ತಂದು ಟ್ಯೂಷನ್ ಮಕ್ಕಳಿಗೆಲ್ಲ ಹಂಚಿದೆ. ನನ್ನ ಹೆಂಡತಿ ಶೈಲಾ ಆಗತಾನೇ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. "ಇದೇನ್ರೀ, ಮಗು ಕಣ್ಣು ಕೆಟ್ಟಿದ್ದಕ್ಕೆ ಯಾರಾದ್ರೂ ಸ್ವೀಟ್ ಹಂಚ್ತಾರಾ?" ಎಂದಳು. "ಕೆಟ್ಟಿಲ್ಲ ಮಾರಾಯ್ತಿ, ಸ್ವಲ್ಪ ಪವರ್ ಬಂದಿದೆ ಅಷ್ಟೆ" ಎಂದೆ. ಪವರ್ ಎಂಬ ಮಾತನ್ನು ನಮ್ಮ ಕಡೆ ಜನ ಎಷ್ಟು ಸಲೀಸಾಗಿ ಹೇಳುತ್ತಾರೆಂದರೆ, ಅದು ಬಂದವರು ಬಲಶಾಲಿಗಳಾದರೋ ಎನ್ನಬೇಕು.

ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದಿದ್ದರು ಕಣ್ಣಿನ ಡಾಕ್ಟರಮ್ಮ. ಹೋದೆವು. ಒಂದಿದ್ದದ್ದು ಒಂದೂ ಮುಕ್ಕಾಲಾಗಿತ್ತು. ಇದೇ ಅಂಕಿ ಪರೀಕ್ಷೆಯಲ್ಲಿ ಬಂದಿದ್ದರೆ ಪ್ರಗತಿ ಎಂದು ಷರಾ ಬರೆಯುತ್ತಿದ್ದೆ. ಆದರೆ ನಾನು ಗಣಿತದವನು, ಎರಡು ಬಿಂದು ಕೊಟ್ಟರೆ ಸುಮ್ಮನೆ ಕೂರುವವನಲ್ಲ. ಡಾಕ್ಟರಮ್ಮ ಮಗಳ ಕಣ್ಣಿಗೆ ಔಷಧ ಹಾಕಿ ಪಾಪೆ ಅಗಲವಾಗಲಿ ಎಂದು ಕಾಯುತ್ತಿದ್ದಾಗ, ಅವರ ಮೇಜಿನ ಮೇಲಿದ್ದ ಚೀಟಿಯೊಂದನ್ನು ಎಳೆದುಕೊಂಡು ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ಪವರು ಹಾಕಿ, ಎರಡು ಬಿಂದುವನ್ನೂ ಸೇರಿಸಿ ಗೆರೆ ಎಳೆದೆ. ಗೆರೆ ಚೀಟಿಯನ್ನು ದಾಟಿ ಮೇಜಿನ ಗಾಜಿನ ಮೇಲೆ ಹೋಯಿತು. ಲೆಕ್ಕ ಹಾಕಿದರೆ ಮಗಳಿಗೆ ಇಪ್ಪತ್ತೈದು ತುಂಬುವ ಹೊತ್ತಿಗೆ ಪವರು ಇಪ್ಪತ್ತಾರೂವರೆ!

"ಸರ್, ನೀವು ಮೇಷ್ಟ್ರಾ?" ಎಂದರು ಡಾಕ್ಟರಮ್ಮ.

"ಹೌದು ಮೇಡಂ. ಹೇಗೆ ಗೊತ್ತಾಯ್ತು?"

"ಬೇರೆ ಅಪ್ಪಂದಿರು ಇಷ್ಟೊತ್ತಿಗೆ ಮೊಬೈಲಿಗೆ ಬೈತಿರ್ತಾರೆ. ನೀವು ಗ್ರಾಫ್ ಹಾಕ್ತಿದೀರಿ" ಎಂದು ಚೀಟಿಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಸ್ವಲ್ಪ ಹೊತ್ತು ನೋಡಿದರು. "ಇದೇ ಲೆಕ್ಕಾನ ಇವಳ ಎತ್ತರಕ್ಕೂ ಹಾಕಿ ನೋಡಿ ಸರ್. ಇವಳ ಮದುವೆ ಟೈಮಿಗೆ ಹುಡುಗ ಏಣಿ ಹಾಕ್ಕೊಂಡು ತಾಳಿ ಕಟ್ಟಬೇಕಾಗುತ್ತೆ."

ಶೈಲಾ ನಕ್ಕಳು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ 'ಎಲ್ಲವೂ ಸರಳರೇಖೆಯಲ್ಲ' ಎಂದು ಪಾಠ ಮಾಡಿದವನು ನಾನು. ಆದರೆ ತನ್ನ ಮಗಳ ಮಾತು ಬಂದಾಗ ಮನುಷ್ಯನಿಗೆ ತಿಳಿಯುವುದು ಸರಳರೇಖೆ ಒಂದೇ. ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು: ಚಿಕ್ಕ ವಯಸ್ಸಿನಲ್ಲಿ ಪವರು ಬೇಗ ಬೇಗ ಏರುತ್ತದೆ, ಮಕ್ಕಳು ದೊಡ್ಡವರಾಗುತ್ತ ನಿಧಾನವಾಗುತ್ತದೆ, ಇಪ್ಪತ್ತರ ಆಸುಪಾಸಿನಲ್ಲಿ ಸಾಮಾನ್ಯವಾಗಿ ನಿಂತುಬಿಡುತ್ತದೆ. ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಖಚಿತವಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ, ಅಂದಾಜು ಮಾಡಬಹುದು. ಎಷ್ಟನೇ ವಯಸ್ಸಿಗೆ ಶುರುವಾಯಿತು, ಹೆತ್ತವರಿಗೆ ಇದೆಯೇ, ಆರಾರು ತಿಂಗಳಿಗೆ ಕಣ್ಣುಗುಡ್ಡೆಯ ಉದ್ದ ಎಷ್ಟು ಬೆಳೆಯುತ್ತಿದೆ, ಇವನ್ನೆಲ್ಲ ನೋಡಿ ಮಾಡುವ ಅಂದಾಜು. ಕಣ್ಣುಗುಡ್ಡೆಗೆ ಉದ್ದ ಇದೆಯೆನ್ನುವುದು ನನಗೆ ಗೊತ್ತೇ ಇರಲಿಲ್ಲ. "ಮೂಸಂಬಿ ಥರ ಗುಂಡಗಿರಬೇಕಾದ್ದು ಮೊಟ್ಟೆ ಥರ ಉದ್ದ ಆಗ್ತಾ ಹೋಗುತ್ತೆ ಸರ್. ಅಳೆಯೋಕೆ ಮಷೀನ್ ಇದೆ. ಉದ್ದ ಆದದ್ದನ್ನ ವಾಪಸ್ ಮಾಡೋಕಾಗಲ್ಲ. ಆದ್ರೆ ಬೆಳೆಯೋ ಓಟಾನ ನಿಧಾನ ಮಾಡಬಹುದು. ಶುರುವಾದಾಗ ಇವಳಿಗೆ ಎಂಟು ವರ್ಷ. ಸ್ವಲ್ಪ ಬೇಗನೇ ಆಯ್ತು. ಅದಕ್ಕೇ ಹೇಳ್ತಿದೀನಿ, ನೆಗ್ಲೆಕ್ಟ್ ಮಾಡ್ಬೇಡಿ" ಎಂದರು.

"ಜಾಸ್ತಿ ಆದ್ರೆ ದಪ್ಪ ಗಾಜು ಹಾಕಿದರಾಯ್ತಲ್ಲ ಮೇಡಂ, ನಾನು ಹಾಕಿಲ್ವಾ?" ಎಂದೆ. ಧೈರ್ಯ ತೋರಿಸುವುದು ನನ್ನ ಉದ್ದೇಶವಾಗಿತ್ತು.

"ತೊಂದರೆ ಗಾಜಿಂದಲ್ಲ ಸರ್. ಕಣ್ಣು ಎಳೆದಷ್ಟೂ ಒಳಗಿನ ಪರದೆ ತೆಳ್ಳಗಾಗುತ್ತೆ. ನಿಮಗೆ ಹೇಳ್ಬೇಕಾ?"

ನನಗೆ ಹೇಳಬೇಕಿರಲಿಲ್ಲ. ನನ್ನ ಪವರು ಎಂಟು. ಕೆಲವು ವರ್ಷದ ಹಿಂದೆ ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದಾಗ ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದಂತಾಗಿ, ಕಪ್ಪು ಚುಕ್ಕೆಗಳು ತೇಲಿ, ಇದೇ ಡಾಕ್ಟರಮ್ಮನ ಎದುರಿನ ಇದೇ ಕುರ್ಚಿಯಲ್ಲಿ ಕೂತು ಪರದೆಯ ತೂತಿಗೆ ಲೇಸರ್ ಹಾಕಿಸಿಕೊಂಡವನು ನಾನು. ಆ ಒಂದು ವಾರ, ಇನ್ನು ಮುಂದೆ ಮಗಳ ಮುಖ ಕಾಣದಿದ್ದರೆ ಏನು ಮಾಡುವುದು ಎಂದು ಯೋಚಿಸಿ, ಅವಳು ನಿದ್ದೆ ಮಾಡುವಾಗ ಹತ್ತಿರ ಹೋಗಿ ನೋಡಿಕೊಂಡು ಬರುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಈಗ ಔಷಧ ಹಾಕಿದ ಕಣ್ಣು ಮುಚ್ಚಿಕೊಂಡು ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತ ಕೂತ ಮಗಳನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಪೇಡೆ ಹಂಚಿದ್ದು ನೆನಪಾಗಿ ಮೈ ಪರಚಿಕೊಳ್ಳುವಂತಾಯಿತು.

ಡಾಕ್ಟರಮ್ಮ ದಿನಾ ಮಲಗುವ ಮುಂಚೆ ಹಾಕಲು ಒಂದು ಹನಿ ಔಷಧ ಬರೆದುಕೊಟ್ಟರು. ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದಬಾರದು, ಮಧ್ಯೆ ಮಧ್ಯೆ ತಲೆಯೆತ್ತಿ ದೂರ ನೋಡಬೇಕು, ಕನ್ನಡಕವನ್ನು ಇಡೀ ದಿನ ಹಾಕಿರಬೇಕು ಎಂದರು. ಕೊನೆಗೆ, "ಔಷಧಿಗಿಂತ ಕಷ್ಟದ ಕೆಲಸ ಒಂದಿದೆ. ದಿನಾ ಎರಡು ಗಂಟೆಯಾದ್ರೂ ಹೊರಗೆ, ಬೆಳಕಲ್ಲಿ ಆಡ್ಲಿ. ಕಣ್ಣಿಗೆ ಆ ಬೆಳಕು ಬೇಕು" ಎಂದರು. ಇದರಲ್ಲಿ ಕಷ್ಟವೇನಿದೆ ಎಂದು ನನಗೆ ಅನ್ನಿಸಿತು. ಶಿವಮೊಗ್ಗದಲ್ಲಿ ಬೆಳಕಿಗೇನು ಬರವೇ?

ಆಟೋದಲ್ಲಿ ಬರುವಾಗ ಶೈಲಾ, "ಅಪ್ಪ ಅಮ್ಮನಿಗೆ ಇದ್ರೆ ಮಕ್ಕಳಿಗೆ ಬರುತ್ತಂತೆ. ನಮ್ಮ ಕಡೆ ಯಾರಿಗೂ ಇಲ್ಲ" ಎಂದಳು. ಮದುವೆಯಲ್ಲಿ ನಮ್ಮ ಕಡೆಯಿಂದ ಏನು ಬಂತು, ಅವರ ಕಡೆಯಿಂದ ಏನು ಬಂತು ಎಂಬ ಚರ್ಚೆಯಲ್ಲಿ ಅಲ್ಲಿಯವರೆಗೆ ನಾನು ಸೋತವನಲ್ಲ. ಅವತ್ತು ಆಟೋದವನು ಹಾಕಿದ್ದ ಹಾಡನ್ನು ಬಹಳ ಆಸಕ್ತಿಯಿಂದ ಕೇಳಿಸಿಕೊಂಡೆ.

ಬೇಸಿಗೆ ರಜೆ ಬಂತು. ಶೈಲಾಳ ತವರು ಭದ್ರಾವತಿಯ ನ್ಯೂ ಟೌನ್. ಮಾವನವರು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ ಮಾಡಿ ನಿವೃತ್ತರಾದವರು. ಅಗಲವಾದ ರಸ್ತೆ, ರಸ್ತೆಗೆ ಮರ, ಮನೆಗಳ ನಡುವೆ ಬಯಲು, ಬಯಲಿನ ತುಂಬ ಮಕ್ಕಳು. ಡಾಕ್ಟರಮ್ಮ ಹೇಳಿದ ಬೆಳಕು ಅಲ್ಲಿ ಬೇಕಾದಷ್ಟಿತ್ತು. ಮಗಳನ್ನು ಬಿಟ್ಟು ಬರಲು ಹೋದಾಗ ಮಾವನವರಿಗೆ ಎಲ್ಲ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, "ಅಳಿಯಂದ್ರೇ, ನಾನು ಮೂವತ್ತು ವರ್ಷ ಕಾದ ಕಬ್ಬಿಣ ನೋಡ್ದೋನು. ಈಗ್ಲೂ ಸೂಜಿಗೆ ದಾರ ನಾನೇ ಪೋಣಿಸೋದು. ಈ ಕನ್ನಡಕ ಹಾಕಿದಷ್ಟೂ ಕಣ್ಣು ಸೋಂಬೇರಿ ಆಗುತ್ತೆ. ಕನ್ನಡಕ ತೆಗ್ದಿಟ್ಟು, ಹೊನಗೊನ್ನೆ ಸೊಪ್ಪು ತಿನ್ಸಿ, ಹೆಂಗೆ ಪವರ್ ಇಳಿಯಲ್ಲ ನೋಡೋಣ" ಎಂದರು. ಅತ್ತೆಯವರು ಆಗಲೇ ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಹಾಗೆ ಮಾಡಬಾರದು, ಕನ್ನಡಕ ತೆಗೆಯಲೇಬಾರದು ಎಂದು ನಾನೂ ಶೈಲಾಳೂ ಹತ್ತು ಸಲ ಹೇಳಿದೆವು. ಮಾವನವರು ಹೂಂ ಎಂದರು. ಕಾರ್ಖಾನೆಯ ಮೇಲಧಿಕಾರಿಗಳಿಗೂ ಅವರು ಹಾಗೇ ಹೂಂ ಎನ್ನುತ್ತಿದ್ದರು ಎಂದು ಅತ್ತೆಯವರು ಆಮೇಲೆ ಹೇಳಿದರು.

ನಾವು ಬಸ್ಸು ಹತ್ತಿದ ಮೇಲೆ ಕನ್ನಡಕ ಬೀರು ಸೇರಿತು. ಬೆಳಿಗ್ಗೆ ಪಲ್ಯ, ಮಧ್ಯಾಹ್ನ ಸಾರು, ರಾತ್ರಿ ತಂಬುಳಿ, ಎಲ್ಲ ಹೊನಗೊನ್ನೆಯದೇ. ಅದರಲ್ಲಿ ತಪ್ಪೇನಿಲ್ಲ, ಸೊಪ್ಪು ಒಳ್ಳೆಯದೇ, ಕಣ್ಣುಗುಡ್ಡೆಯ ಉದ್ದಕ್ಕೂ ಅದಕ್ಕೂ ಪರಿಚಯವಿಲ್ಲ ಅಷ್ಟೆ. ನಾಲ್ಕನೇ ದಿನವೋ ಐದನೇ ದಿನವೋ ಮಾವನವರು ಮೊಮ್ಮಗಳನ್ನು ಸಂಜೆ ವಾಕಿಂಗಿಗೆ ಕರೆದುಕೊಂಡು ಹೋದರು. ಪಾರ್ಕಿನಲ್ಲಿ ನಿವೃತ್ತರೆಲ್ಲ ಬೆಂಚಿನ ಮೇಲೆ ಕೂತು ಮಾತಾಡಿ, ಕತ್ತಲಾಗುವ ಮುಂಚೆ ಎದ್ದು ತಮ್ಮ ತಮ್ಮ ಮನೆಗೆ ಹೊರಟರು. ಎಲ್ಲರದೂ ಬಿಳಿ ಅಂಗಿ, ಬಿಳಿ ತಲೆ, ಒಂದೇ ಕಾರ್ಖಾನೆ ಕಲಿಸಿದ ಒಂದೇ ನಡಿಗೆ. ಜಾರುಬಂಡೆಯಿಂದ ಇಳಿದು ಓಡಿ ಬಂದ ಸಿಂಚನ ಮುಂದೆ ಹೋಗುತ್ತಿದ್ದ ಒಂದು ಬಿಳಿ ಅಂಗಿಯ ಕೈ ಹಿಡಿದು ಹೊರಟೇಬಿಟ್ಟಳು. ಅವರು ಎರಡು ರಸ್ತೆ ಆಚೆಯ ತಮಿಳಿನ ತಾತ. ಕಿವಿ ಮಂದ. ಯಾರದೋ ಮಗು, ಪ್ರೀತಿಯಿಂದ ಕೈ ಹಿಡಿದಿದೆ ಎಂದು ಅವರು ಸಂತೋಷದಿಂದ ಮನೆಗೇ ಕರೆದುಕೊಂಡು ಹೋದರು. ಗೇಟಿನ ಹತ್ತಿರ ಹೋದ ಮೇಲೆ ಇವಳು ತಲೆಯೆತ್ತಿ ಹತ್ತಿರದಿಂದ ನೋಡಿ ಕಿಟಾರನೆ ಕಿರುಚಿದಳಂತೆ. ಅವರ ಮನೆಯಾಕೆ ಮುರುಕು ಕೊಟ್ಟು ಸಮಾಧಾನ ಮಾಡುತ್ತಿದ್ದಾಗ, ಈ ಕಡೆ ನಮ್ಮ ಮಾವನವರು ಪಾರ್ಕಿನ ಪೊದೆಗಳನ್ನೆಲ್ಲ ತಡಕಾಡಿ, ಬಾಯಿ ಒಣಗಿಸಿಕೊಂಡು, ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತ ಬೀದಿ ಬೀದಿ ಓಡಾಡುತ್ತಿದ್ದರು. ಮೊಮ್ಮಗಳು ಸಿಕ್ಕಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಬೀರು ತೆಗೆದು ಕನ್ನಡಕ ಹಾಕಿದ್ದು. ಫೋನಿನಲ್ಲಿ ನನಗೆ, "ಅಳಿಯಂದ್ರೇ, ಆ ಡಾಕ್ಟ್ರಮ್ಮ ಹೇಳಿದ್ದು ಸರಿ ಇರಬಹುದು" ಎಂದರು. ನಾನು ಬೀರುವಿನ ಮಾತು ಎತ್ತದೆ, ಊಟ ಆಯ್ತಾ ಎಂದು ಕೇಳಿ ಫೋನಿಟ್ಟೆ.

ಅದಾದ ಮೇಲೆ ರಜೆಯೆಲ್ಲ ಅವಳು ಅಲ್ಲಿ ಆಡಿದ್ದೇ ಆಡಿದ್ದು. ಲಗೋರಿ ಕಲಿತಳು. ಆ ತಮಿಳಿನ ತಾತನ ಮೊಮ್ಮಕ್ಕಳ ಜೊತೆ ಆಡಿ 'ವಾ ವಾ', 'ಪೋ ಪೋ' ಎಂದು ಕೂಗುವುದನ್ನೂ ಕಲಿತಳು. ಬಿಸಿಲಿಗೆ ಕರ್ರಗಾಗಿ, ಮೊಣಕಾಲು ತರಚಿಕೊಂಡು ಶಿವಮೊಗ್ಗಕ್ಕೆ ವಾಪಸಾದಳು. ನನಗೆ ಇನ್ನಿಲ್ಲದ ಸಮಾಧಾನ.

ಶಾಲೆ ಶುರುವಾಯಿತು. ಅಲ್ಲಿಯವರೆಗೆ ಸಿಂಚನಳೂ ಸಂಜೆ ನನ್ನ ಟ್ಯೂಷನ್ನಿನಲ್ಲೇ ಕೂರುತ್ತಿದ್ದಳು. ಈಗ ನಾನು ಕಠಿಣ ನಿರ್ಧಾರ ತೆಗೆದುಕೊಂಡೆ. ಅಪ್ಪನಾಗಿ ಅವಳನ್ನು ಟ್ಯೂಷನ್ನಿನಿಂದ ಬಿಡಿಸಿದೆ. ಶಾಲೆಯಿಂದ ಬಂದು ಹಾಲು ಕುಡಿದ ಕೂಡಲೇ, "ಹೋಗು, ಕತ್ತಲಾಗೋವರೆಗೂ ಒಳಗೆ ಬರಬೇಡ" ಎಂದು ಬೀದಿಯ ಕೊನೆಯ ಖಾಲಿ ಸೈಟಿಗೆ ಕಳಿಸಿ, ನಾನು ಒಳಗೆ ಟ್ಯೂಬ್‌ಲೈಟ್ ಹಾಕಿ ಉಳಿದವರಿಗೆ ಭಿನ್ನರಾಶಿ ಶುರುಮಾಡುತ್ತಿದ್ದೆ. ಹೋದವಳು ಹತ್ತೇ ನಿಮಿಷಕ್ಕೆ ಗೇಟಿನ ಹತ್ತಿರ ಬಂದು ನಿಂತಿರುತ್ತಿದ್ದಳು. ಕಿಟಕಿಯಿಂದ ನೋಡಿ ನಾನು ಕಣ್ಣು ಬಿಟ್ಟರೆ ಮತ್ತೆ ಹೋಗುತ್ತಿದ್ದಳು, ಮತ್ತೆ ಬರುತ್ತಿದ್ದಳು. ಷಟಲ್ ಬ್ಯಾಟು ತಂದುಕೊಟ್ಟೆ. ಜೋಡಿ ಬ್ಯಾಟು. ಅದನ್ನು ಎರಡು ದಿನ ಕಾಂಪೌಂಡ್ ಗೋಡೆಯ ಜೊತೆ ಆಡಿ ಬಿಟ್ಟಳು. ಸ್ಕಿಪ್ಪಿಂಗ್ ಹಗ್ಗ ತಂದೆ. ಅದು ನಾಯಿಗೆ ಕಟ್ಟಲು ಉಪಯೋಗಕ್ಕೆ ಬಂತು, ನಾಯಿ ನಮ್ಮದಲ್ಲ. ಆಮೇಲೆ ಮಳೆ ಶುರುವಾಗಿ ಕೆಲವು ತಿಂಗಳು ಮಳೆಯನ್ನು ಬೈದೆ. ಮಳೆ ನಿಂತ ಮೇಲೆ ಮೊಬೈಲನ್ನು ಬೈದೆ. ಅವಳ ಹತ್ತಿರ ಮೊಬೈಲು ಇರಲಿಲ್ಲ, ಆದರೂ ಈ ಕಾಲದ ಮಕ್ಕಳಿಗೆ ಸಂಬಂಧಪಟ್ಟ ಯಾವ ವಿಷಯಕ್ಕಾದರೂ ಅದನ್ನು ಬೈದರೆ ಒಂದು ತೃಪ್ತಿ.

ಈ ಸಂಕಟವನ್ನು ಟ್ಯೂಷನ್ ಮಕ್ಕಳ ಮುಂದೆಯೂ ತೋಡಿಕೊಳ್ಳುತ್ತಿದ್ದೆ. "ನೋಡ್ರೋ, ಈಗಿನ ಮಕ್ಕಳಿಗೆ ಆಟವೇ ಬೇಡ. ನಾವೆಲ್ಲ ಸಂಜೆ ಬೀದೀಲಿ ಹೆಂಗೆ ಆಡ್ತಿದ್ವಿ ಗೊತ್ತಾ? ಕತ್ತಲಾದ್ರೂ ಮನೆಗೆ ಹೋಗ್ತಿರಲಿಲ್ಲ" ಎಂದು ದೊಡ್ಡ ಭಾಷಣ ಮಾಡುತ್ತಿದ್ದೆ. ಮಕ್ಕಳು ಕುತ್ತಿಗೆ ಬಗ್ಗಿಸಿಕೊಂಡು ಕೇಳುತ್ತಿದ್ದರು. ಐದನೇ ಕ್ಲಾಸಿನ ದರ್ಶನ್ ಎಂಬ ಹುಡುಗ ಒಮ್ಮೆ ತಲೆಯೆತ್ತಿ ಕಿಟಕಿಯ ಕಡೆ ನೋಡಿದ. "ಅಲ್ಲೇನೋ ನೋಡ್ತೀಯ? ಪುಸ್ತಕ ನೋಡು" ಎಂದು ಗದರಿಸಿ, ಆಟದ ಮಹತ್ವದ ಕುರಿತ ಭಾಷಣವನ್ನು ಮುಂದುವರಿಸಿದೆ.

ದಸರಾ ಮುಗಿದು ಸ್ವಲ್ಪ ದಿನಕ್ಕೆ ಮತ್ತೆ ಪರೀಕ್ಷೆಗೆ ಹೋದೆವು. ಮಷೀನಿಗೆ ಗದ್ದ ಆನಿಸಿ ಕೂರಿಸಿದರು, ಉದ್ದ ಅಳೆದರು, ಪವರು ನೋಡಿದರು. ಡಾಕ್ಟರಮ್ಮನ ಮುಖದಲ್ಲಿ ನಗು ಇರಲಿಲ್ಲ. ಏರಿಕೆ ಹಿಂದಿನಷ್ಟೇ ಇತ್ತು. ಓಟ ನಿಧಾನವಾಗಿರಲಿಲ್ಲ. ನನ್ನ ಸರಳರೇಖೆ, ಹಾಳಾದ್ದು, ಸರಿಯಾಗೇ ಹೋಗುತ್ತಿತ್ತು. ಲೆಕ್ಕ ತಪ್ಪಲಿ ಎಂದು ಜೀವಮಾನದಲ್ಲಿ ಮೊದಲ ಸಲ ನಾನು ಬೇಡಿಕೊಂಡಿದ್ದೆ.

"ಡ್ರಾಪ್ಸ್ ಹಾಕ್ತಿದೀರಾ?"

"ಒಂದು ದಿನಾನೂ ತಪ್ಪಿಸಿಲ್ಲ ಮೇಡಂ" ಎಂದಳು ಶೈಲಾ. ಅದು ನಿಜ.

"ಹೊರಗೆ ಆಡ್ತಾಳಾ?"

"ದಿನಾ ಕಳಿಸ್ತೀನಿ ಮೇಡಂ. ಇವಳೇ ವಾಪಸ್ ಬಂದುಬಿಡ್ತಾಳೆ. ಆಟದಲ್ಲಿ ಆಸಕ್ತೀನೇ ಇಲ್ಲ" ಎಂದೆ.

ಡಾಕ್ಟರಮ್ಮ ಮಗಳ ಕಡೆ ತಿರುಗಿ, "ಯಾಕೆ ಪುಟ್ಟಿ? ಆಟ ಇಷ್ಟ ಇಲ್ವಾ?" ಎಂದರು.

"ಇಷ್ಟ" ಎಂದಳು ಸಿಂಚನ. "ಆದ್ರೆ ಯಾರ ಜೊತೆ ಆಡ್ಲಿ? ನಮ್ಮ ಬೀದಿ ಮಕ್ಕಳೆಲ್ಲ ಅಪ್ಪಾಜಿ ಹತ್ರ ಇದಾರೆ."

ದೂರು ಹೇಳುವ ದನಿಯಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಳು, ಅಷ್ಟೆ. ಡಾಕ್ಟರಮ್ಮ ನನ್ನನ್ನು ನೋಡಿದರು. ಶೈಲಾ ನನ್ನನ್ನು ನೋಡಿದಳು. ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲನ್ನು ಓದಲು ನಾನು ಬಹಳ ಪ್ರಯತ್ನಪಟ್ಟೆ. "ಸರ್, ನಿಮ್ಮ ಟ್ಯೂಷನ್ ಎಷ್ಟೊತ್ತಿಗೆ?" ಎಂದರು ಡಾಕ್ಟರಮ್ಮ. ನಾಲ್ಕೂಮುಕ್ಕಾಲರಿಂದ ಆರೂವರೆ ಎಂದೆ. ಅವರು ಬೈಯದೆ ಮುಂದಿನ ತಾರೀಖು ಬರೆದುಕೊಟ್ಟರು. ಅವರ ಮಗನೂ ಎಲ್ಲೋ ಟ್ಯೂಷನ್ನಿಗೆ ಹೋಗುತ್ತಿದ್ದನೋ ಏನೋ.

ಅವತ್ತು ಸಂಜೆ ಪಾಠ ಮಾಡುವಾಗ ಮೊದಲ ಬಾರಿಗೆ ಮಕ್ಕಳ ಲೆಕ್ಕ ಬಿಟ್ಟು ಮಕ್ಕಳನ್ನು ನೋಡಿದೆ. ಎಷ್ಟು ಕನ್ನಡಕಗಳು! ನನ್ನ ಹತ್ತಿರ ಬರುವಾಗ ಇರದ ಕನ್ನಡಕ ಈಗ ಇರುವವರೂ ಇದ್ದರು. ಅದಕ್ಕೆಲ್ಲ ನಾನೇ ಕಾರಣ ಎಂದು ನಾನು ಹೇಳುವುದಿಲ್ಲ, ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಆದರೆ ಹೊಸಮನೆಯ ಆ ಒಂದು ಬೀದಿಯ ಸಂಜೆ ಬೆಳಕನ್ನೆಲ್ಲ ಬಾಗಿಲು ಹಾಕಿ ಹೊರಗಿಟ್ಟವನು ನಾನೇ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಟ್ಯೂಷನ್ನನ್ನು ಕತ್ತಲಾದ ಮೇಲೆ, ಆರೂವರೆಯಿಂದ ಎಂಟಕ್ಕೆ ಬದಲಾಯಿಸುತ್ತೇನೆ ಎಂದು ಎಲ್ಲ ಮನೆಗಳಿಗೂ ಹೇಳಿ ಕಳಿಸಿದೆ.

ಮಾರನೆಯ ದಿನವೇ ದರ್ಶನ್‌ನ ತಾಯಿ ಬಂದರು. "ಸರ್, ಆರೂವರೆಗೆ ಬೇಡ ಸರ್. ಸಂಜೆ ಇವನು ಬೀದೀಲಿ ಆಡ್ಕೊಂಡು ಹಾಳಾಗಬಾರದು ಅಂತಾನೇ ನಿಮ್ಮ ಹತ್ರ ಹಾಕಿರೋದು. ಲೆಕ್ಕ ಬರದಿದ್ರೂ ಚಿಂತೆ ಇಲ್ಲ" ಎಂದರು. ನಾನು ಇಷ್ಟು ವರ್ಷ ಗಣಿತ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಬೀದಿಯವರ ಲೆಕ್ಕದಲ್ಲಿ ನಾನು ಸಂಜೆಯ ಹೊತ್ತು ಮಕ್ಕಳನ್ನು ಕೂಡಿಹಾಕುವ ದೊಡ್ಡಿಯನ್ನು ನಡೆಸುತ್ತಿದ್ದೆ. ಕಣ್ಣುಗುಡ್ಡೆ, ಮೂಸಂಬಿ, ಮೊಟ್ಟೆ ಎಲ್ಲ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಬೇರೆ ದಾರಿ ಕಾಣದೆ, "ಹಾಗಾದ್ರೆ ಐದರಿಂದ ಆರು ಆಟದ ಕ್ಲಾಸು. ನಾನೇ ನಿಂತು ಆಡಿಸ್ತೀನಿ" ಎಂದುಬಿಟ್ಟೆ. ಅವರ ಮುಖ ಅರಳಿತು. "ಹಂಗೆ ಹೇಳಿ ಸರ್! ಕ್ಲಾಸು ಅಂದ್ರೆ ಓಕೆ. ಆಟಕ್ಕೂ ಸ್ವಲ್ಪ ಹೋಂವರ್ಕ್ ಕೊಡಿ" ಎಂದು ಹೋದರು. ಸಂಜೆಯೊಳಗೆ ಬೀದಿಯೆಲ್ಲ ಒಪ್ಪಿತು. ಹೊಸದಾಗಿ ಸೇರಲೂ ಒಂದಿಬ್ಬರು ಬಂದರು.

ಕೊಟ್ಟ ಮಾತಿನಂತೆ ಕೊರಳಿಗೆ ಸೀಟಿ ಹಾಕಿಕೊಂಡು ಖಾಲಿ ಸೈಟಿಗೆ ಹೋದೆ. ಲಗೋರಿ ಶುರುವಾಯಿತು. ಬಿಲ್ಲೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಕೆ ಕ್ರಮದಲ್ಲಿ ಜೋಡಿಸಬೇಕು ಎಂದೆ. ಚೆಂಡನ್ನು ಯಾವ ಕೋನದಲ್ಲಿ ಎಸೆದರೆ ಹೆಚ್ಚು ಬಿಲ್ಲೆ ಬೀಳುತ್ತದೆ ಎಂದು ನೆಲದ ಮೇಲೆ ಕಡ್ಡಿಯಲ್ಲಿ ಚಿತ್ರ ಬರೆದು ತೋರಿಸಿದೆ. ತಪ್ಪು ಎಸೆದವರನ್ನು ನಿಲ್ಲಿಸಿ ಏಕೆ ತಪ್ಪಾಯಿತು ಎಂದು ಕೇಳಿದೆ. ಮೂರನೇ ದಿನದ ಹೊತ್ತಿಗೆ ಮಕ್ಕಳು ತಾವಾಗಿಯೇ ಸಾಲಾಗಿ ನೆಲದ ಮೇಲೆ ಕೂತು ನನ್ನನ್ನು ನೋಡುತ್ತಿದ್ದರು. ಬೆಳಕು ಬೇಕಾದಷ್ಟಿತ್ತು, ಆಟ ಮಾತ್ರ ಇರಲಿಲ್ಲ. ಒಬ್ಬ, "ಸರ್, ಇವತ್ತು ಒಳಗೇ ಲೆಕ್ಕ ಮಾಡೋಣ್ವಾ?" ಎಂದು ಕೇಳಿದ. ಆಗ ಸಿಂಚನ ನನ್ನ ಹತ್ತಿರ ಬಂದು ಮೆಲ್ಲಗೆ, "ಅಪ್ಪಾಜಿ, ನೀವು ಒಳಗೆ ಹೋಗಿ. ನೀವು ಹೋದ್ರೆ ನಾವು ಆಡ್ತೀವಿ" ಎಂದಳು. ಸೀಟಿಯನ್ನೂ ಇಸಿದುಕೊಂಡಳು. ನಾನು ಮನೆ ಸೇರಿ ಬಾಗಿಲು ಹಾಕುವುದರೊಳಗೆ ಸೈಟಿನ ಕಡೆಯಿಂದ 'ಪೋ ಪೋ' ಎಂಬ ಕೂಗು ಎದ್ದಿತು. ಬೀದಿಯ ಮಕ್ಕಳಿಗೆಲ್ಲ ಅಷ್ಟು ಬೇಗ ಅವಳು ತಮಿಳು ಕಲಿಸಿದ್ದು ಹೇಗೋ, ನನಗೆ ಭಿನ್ನರಾಶಿ ಕಲಿಸಲೇ ವರ್ಷ ಹಿಡಿದಿತ್ತು.

ಬೇಸಿಗೆ ರಜೆಗೆ ಮುಂಚೆ ಮತ್ತೆ ಅಳೆಸಲು ಹೋದೆವು. ಹಿಂದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಡಾಕ್ಟರಮ್ಮ ಎರಡು ಸಲ ಅಳೆದರು. "ಏರಿದೆ ಸರ್" ಎಂದರು. "ಆದ್ರೆ ಸ್ವಲ್ಪವೇ. ಹಿಂದಿನ ಅರ್ಧದಷ್ಟೂ ಇಲ್ಲ. ನಿಧಾನ ಆಗಿದೆ." ಆಟದಿಂದಲೋ ಡ್ರಾಪ್ಸಿನಿಂದಲೋ ಎಂದು ಕೇಳಿದೆ. "ಅದೆಲ್ಲ ಭಾಗ ಮಾಡೋಕೆ ಹೋಗ್ಬೇಡಿ. ವಯಸ್ಸೂ ಒಂದು ವರ್ಷ ಹೆಚ್ಚಾಯ್ತಲ್ಲ. ಎರಡನ್ನೂ ಬಿಡಬೇಡಿ, ಆರು ತಿಂಗಳಿಗೆ ಮತ್ತೆ ಬನ್ನಿ. ಇನ್ನೂ ಬಹಳ ವರ್ಷ ಇದೆ" ಎಂದು ಮುಂದಿನವರನ್ನು ಕರೆದರು. ಅವರ ಪಾಲಿಗೆ ಅಷ್ಟೆ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡೆ. ಶೈಲಾ ನೋಡಿದರೂ ನೋಡದವಳ ಹಾಗೆ ಆಟೋ ಕರೆದಳು. ಭದ್ರಾವತಿಗೆ ಫೋನು ಮಾಡಿದಾಗ ಮಾವನವರು, "ಹೊನಗೊನ್ನೆ ನಿಧಾನಕ್ಕೆ ಹಿಡಿಯೋದು ಅಳಿಯಂದ್ರೇ, ನಾನು ಹೇಳಿರಲಿಲ್ವಾ" ಎಂದರು. ಅವತ್ತು ಅದಕ್ಕೂ ಹೂಂ ಎಂದೆ.

ಅವತ್ತು ಸಂಜೆ ನನಗೆ ಒಳಗೆ ಕೂರಲು ಆಗಲಿಲ್ಲ. ಖುಷಿ ತಡೆಯದೆ ಪ್ಯಾಂಟು ಮಡಚಿಕೊಂಡು ಸೈಟಿಗೆ ಹೋದೆ. ಆಡಿಸಲು ಅಲ್ಲ, ಆಡಲು. "ನನ್ನನ್ನೂ ಸೇರಿಸ್ಕೊಳ್ರೋ" ಎಂದೆ. ಆಟ ನಿಂತಿತು. ಚೆಂಡು ಹಿಡಿದಿದ್ದ ದರ್ಶನ್ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡ. ಮಕ್ಕಳು ಗುಂಪಾಗಿ ಏನೋ ಮಾತಾಡಿಕೊಂಡರು. ಕೊನೆಗೆ ಸಿಂಚನ ಮುಂದೆ ಬಂದು, "ಅಪ್ಪಾಜಿ, ಎರಡೂ ಕಡೆ ಸಮ ಇದೀವಿ. ನೀವು ಬಂದ್ರೆ ಬೆಸ ಆಗುತ್ತೆ" ಎಂದಳು. ಲೆಕ್ಕ ಸರಿಯಾಗಿತ್ತು. ನಾನೇ ಹೇಳಿಕೊಟ್ಟದ್ದು.

ಮನೆಗೆ ಬಂದು ಚಾಪೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ದರ್ಶನ್‌ನ ತಾಯಿ ತರಕಾರಿ ಚೀಲ ಹಿಡಿದು ಹೋಗುತ್ತಿದ್ದವರು ಗೇಟಿನಲ್ಲಿ ನಿಂತು ಇಣುಕಿದರು. "ಏನ್ ಸರ್, ಒಬ್ರೇ ಕೂತಿದೀರಾ? ಆಟದ ಕ್ಲಾಸಿಗೆ ಹೋಗಿಲ್ವಾ?"

"ಹೋಗಿದ್ದೆ. ಸೇರಿಸ್ಕೊಳ್ಳಲಿಲ್ಲ."

"ಅಯ್ಯೋ ಪಾಪ" ಎಂದರು ಅವರು, ನಿಜವಾದ ಕನಿಕರದಿಂದ. "ತಡೀರಿ ಸರ್, ರಾತ್ರಿ ನಮ್ಮ ದರ್ಶನ್‌ಗೆ ಒಂದ್ ಮಾತು ಹೇಳಿ ನೋಡ್ತೀನಿ."